ಹೆಸರು ಎರಡು, ಗಿಡ ಒಂದೇನಾ? ಡ್ರ್ಯಾಗನ್ ಹಣ್ಣಿನ ತಳಿಯ ಗುರುತನ್ನು ಪರಾಗದಿಂದ ಹಿಡಿಯಬಹುದಾ?

ಮಸಾರಿ ಹೊಲ (ಯಲಬುರ್ಗಾ), ಜೂನ್ 21

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ನಿದ್ದೆಗೆಡಿಸಿರುವ ವಿಷಯ ಇದು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಯಲಬುರ್ಗಾ ಕಡೆಯ ಮಸಾರಿ ಭೂಮಿ. ಬೋರಿನಲ್ಲಿ ಒಂದೂವರೆ ಇಂಚು ನೀರು, ಅಷ್ಟೇ. ಸಜ್ಜೆ, ಶೇಂಗಾ ಬೆಳೆಯುತ್ತಿದ್ದ ಒಂದು ಎಕರೆಯಲ್ಲಿ 420 ಕಂಬ ನಿಲ್ಲಿಸಿ ಡ್ರ್ಯಾಗನ್ ಹಚ್ಚಿದೆ. ಕೆಂಪು ತಿರುಳಿನದು ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದು ಕಷ್ಟ, ಎರಡು ತಳಿ ಕಲಸಿ ಹಚ್ಚಬೇಕು ಅಂತ ಮೊದಲೇ ಕೇಳಿದ್ದೆ. ಅದಕ್ಕೇ ಬೇಕಂತಲೇ ಎರಡು ಬೇರೆ ಊರಿನ ನರ್ಸರಿಗಳಿಂದ, ಎರಡು ಬೇರೆ ಹೆಸರಿನ ಕೆಂಪು ಕಡ್ಡಿ ತಂದೆ. ಒಂದು ಸಾಲು ಇದು, ಒಂದು ಸಾಲು ಅದು. ಹೆಸರು ಇಲ್ಲಿ ಬರೆಯುವುದಿಲ್ಲ. ಖಚಿತ ಇಲ್ಲದೆ ಯಾರ ವ್ಯಾಪಾರಕ್ಕೂ ಕಲ್ಲು ಹಾಕಬಾರದು. ಕೆಂಪು-1, ಕೆಂಪು-2 ಅಂತ ಇಟ್ಟುಕೊಳ್ಳೋಣ.

ಹೋದ ವರ್ಷ ಹೂ ಬಂದಿದ್ದು ನೋಡಬೇಕಿತ್ತು. ಒಂದೊಂದು ರಾತ್ರಿ ಇನ್ನೂರು, ಮುನ್ನೂರು ಹೂ. ಹೊಲ ಪೂರ್ತಿ ಬೆಳ್ಳಗೆ. ನಾಲ್ಕೈದು ದಿನಕ್ಕೆ ಎಲ್ಲಾ ಹಳದಿ ತಿರುಗಿ ಉದುರಿದವು. ಬೆಳಿಗ್ಗೆ ಹೋದರೆ ಕಂಬದ ಬುಡದಲ್ಲಿ ರಾಶಿ. ಎರಡು ಜೇನು ಪೆಟ್ಟಿಗೆ ಇಟ್ಟೆ, ಬೋರಾನ್ ಹೊಡೆದೆ, ನೀರು ಹೆಚ್ಚು ಕಡಿಮೆ ಮಾಡಿದೆ. ಏನೂ ಆಗಲಿಲ್ಲ. ಕಾಯಿ ಕಟ್ಟಿದ್ದು ಮನೆ ಹತ್ತಿರದ ಎರಡು ಸಾಲಿನಲ್ಲಿ ಮಾತ್ರ.

ಈಗ ನನಗೊಂದು ಅನುಮಾನ. ಎರಡು ಹೆಸರಲ್ಲಿ ನನಗೆ ಬಂದಿದ್ದು ಒಂದೇ ಗಿಡ ಇರಬಹುದಾ? ಅದನ್ನು ಮನೆಯಲ್ಲೇ ಪತ್ತೆ ಹಚ್ಚುವ ದಾರಿ ಇದೆಯಾ?

ಹಗರಿ ದಂಡೆ (ಬಳ್ಳಾರಿ), ಜೂನ್ 21

ಅಣ್ಣಾ, ಬಿಸಿಲಿಗೆ ಉದುರಿರಬಹುದು. ನಮ್ಮ ಕಡೆ ಕಳೆದ ಬಾರಿ ಬಿಸಿಲು ಬಹಳ ಇತ್ತು. ರಾತ್ರಿ ಮಳೆ ಬಂದರೂ ಪರಾಗ ತೊಳೆದು ಹೋಗುತ್ತದೆ. ಹೂ ಉದುರಿದ ತಕ್ಷಣ ತಳಿಯ ಮೇಲೆ ತಪ್ಪು ಹೊರಿಸಬೇಡಿ.

ತೋಟದ ಅಕ್ಕ (ಮುನಿರಾಬಾದ್), ಜೂನ್ 21

ಬಿಸಿಲು, ಮಳೆ ಎರಡೂ ಕಾರಣ ಆಗಬಹುದು, ನಿಜ. ಆದರೆ ಯಲಬುರ್ಗಾದ ಅಣ್ಣನವರು ಒಂದು ಮಾತು ಹೇಳಿ ಮುಂದೆ ಹೋಗಿಬಿಟ್ಟರು. ಮನೆ ಹತ್ತಿರದ ಎರಡು ಸಾಲು. ಅಲ್ಲಿಗೂ ಅದೇ ಬಿಸಿಲು, ಅದೇ ಮಳೆ ಅಲ್ವಾ? ಅಲ್ಲಿ ಬೇರೆ ಏನಿದೆ?

ಮಸಾರಿ ಹೊಲ (ಯಲಬುರ್ಗಾ), ಜೂನ್ 21

ಹಿತ್ತಲಲ್ಲಿ ಅವ್ವ ಹಚ್ಚಿದ ಬಿಳಿ ತಿರುಳಿನ ಗಿಡ ಎರಡು ಕಂಬ ಇದೆ. ಹಳೆಯದು. ಇಷ್ಟು ದಿನ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ತೋಟದ ಅಕ್ಕ (ಮುನಿರಾಬಾದ್), ಜೂನ್ 22

ಹಾಗಾದರೆ ನಿಮ್ಮ ಅನುಮಾನಕ್ಕೆ ಆಧಾರ ಇದೆ. ತೋಟಗಾರಿಕೆ ಓದಿದವಳು ನಾನು, ಈಗ ನಮ್ಮದೇ ಎರಡು ಎಕರೆ ನೋಡಿಕೊಳ್ಳುತ್ತೇನೆ. ನಿಧಾನವಾಗಿ ಹೇಳುತ್ತೇನೆ.

ಬೆಡಗು, ಅಂದರೆ ಒಂದೇ ವಂಶದವರ ಗುಂಪು, ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದೇ ಬೆಡಗಿನಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ. ಕೆಲವು ಗಿಡಗಳಲ್ಲೂ ಹೀಗೆಯೇ. ಹೂವಿನ ನಡುವಿನ ಕಡ್ಡಿ, ಅಂದರೆ ಶಲಾಕೆ, ತನ್ನದೇ ಬೆಡಗಿನ ಪರಾಗ ಬಿದ್ದರೆ ಗುರುತು ಹಿಡಿದು ತಡೆಯುತ್ತದೆ. ಪರಾಗ ಮೊಳೆತರೂ ಅದರ ನಳಿಕೆ ಅಂಡದವರೆಗೆ ಇಳಿಯುವುದಿಲ್ಲ. ಕಾಯಿ ಕಟ್ಟುವುದಿಲ್ಲ. ಇದನ್ನು ಸ್ವಯಂ ಅಸಾಮರಸ್ಯ ಅಂತ ಪುಸ್ತಕದಲ್ಲಿ ಬರೆಯುತ್ತಾರೆ.

ಡ್ರ್ಯಾಗನ್ ನಾವು ಕಡ್ಡಿಯಿಂದ ಬೆಳೆಸುವುದು. ಒಂದು ತಾಯಿ ಗಿಡದಿಂದ ಕಡಿದ ಸಾವಿರ ಕಡ್ಡಿಯೂ ಅದೇ ಗಿಡ. ತದ್ರೂಪಿ, ಕ್ಲೋನ್. ಸಾವಿರ ಕಂಬ ಕಂಡರೂ ಹೂವಿನ ಲೆಕ್ಕಕ್ಕೆ ಅದು ಒಂದೇ ಗಿಡ. ಜೇನು ಪೆಟ್ಟಿಗೆ ಇಟ್ಟರೂ ಫಲ ಸಿಗದೇ ಇದ್ದದ್ದು ಅದಕ್ಕೇ ಇರಬೇಕು. ಜೇನು ತಂದಿದ್ದೂ ಅದೇ ಪರಾಗ.

ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಯೋಸೆಫ್ ಮಿಜ್ರಾಹಿ, ಅವಿನೋಮ್ ನೆರ್ಡ್ ಅವರು 1990ರ ದಶಕದಲ್ಲಿ ಈ ಬೆಳೆಯ ಮೇಲೆ ಬಹಳ ಕೆಲಸ ಮಾಡಿದರು. ಅವರ ಕೆಂಪು ತಿರುಳಿನ ಗಿಡಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟಲಿಲ್ಲ. ಬೇರೆ ಗಿಡದ ಪರಾಗವನ್ನು ಕೈಯಿಂದ ಹಚ್ಚಬೇಕಾಯಿತು. ಬಿಳಿ ತಿರುಳಿನಲ್ಲಿ ಈ ತಡೆ ಸಾಮಾನ್ಯವಾಗಿ ಕಡಿಮೆ. ಹಳದಿ ಸಿಪ್ಪೆಯದು ತನ್ನ ಪರಾಗಕ್ಕೇ ಕಟ್ಟುತ್ತದೆ.

ಈಗ ನಿಮ್ಮ ಪರೀಕ್ಷೆ. ಕೆಂಪು-1ಕ್ಕೆ ಕೆಂಪು-2ರ ಪರಾಗ ಹಚ್ಚಿ. ಕಾಯಿ ಚೆನ್ನಾಗಿ ಕಟ್ಟಿದರೆ ಅವು ಬೇರೆ ಬೇರೆ, ಮುಗಿಯಿತು. ಕಟ್ಟದಿದ್ದರೆ ಒಂದೇ ಗಿಡ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಆದರೆ ಮೊದಲು ಒಂದನ್ನು ನೋಡಬೇಕು. ಎರಡೂ ತಮ್ಮದೇ ಪರಾಗಕ್ಕೆ ಕಟ್ಟುವುದಿಲ್ಲ ಅಂತ ಕೈಯಿಂದ ಹಚ್ಚಿಯೇ ಖಚಿತ ಮಾಡಿಕೊಳ್ಳಿ. ಕೆಲವು ಹೂವಿನಲ್ಲಿ ಶಲಾಕೆಯ ತುದಿ ಪರಾಗ ಇರುವ ಕೇಸರಗಳಿಗಿಂತ ಎಷ್ಟೋ ಎತ್ತರ ಇರುತ್ತದೆ, ಪರಾಗ ತಾನಾಗಿ ಮುಟ್ಟುವುದೇ ಇಲ್ಲ. ಅದು ಅಸಾಮರಸ್ಯ ಅಲ್ಲ, ಸುಮ್ನೆ ದೂರ ಅಷ್ಟೇ.

ಲಿಂಗಸುಗೂರು ದಾಳಿಂಬೆ, ಜೂನ್ 22

ಅಕ್ಕಾ, ಇದನ್ನು ದಾಳಿಂಬೆಗೆ ಮಾಡಬಹುದಾ? ನಮ್ಮಲ್ಲಿ ಭಗವಾ ಅಂತ ಒಬ್ಬ ಕೊಡುತ್ತಾನೆ, ಸಿಂಧೂರಿ ಅಂತ ಇನ್ನೊಬ್ಬ, ಅಷ್ಟಗಂಧ ಅಂತ ಮತ್ತೊಬ್ಬ, ಮಸ್ತಾನಿ ಅಂತ ಇನ್ಯಾರೋ. ಎಲ್ಲಾ ಭಗವಾನೇ ಅಂತ ಹಿರಿಯರು ಹೇಳುತ್ತಾರೆ.

ತೋಟದ ಅಕ್ಕ (ಮುನಿರಾಬಾದ್), ಜೂನ್ 22

ಹಿರಿಯರು ಹೇಳಿದ್ದು ಸರಿ. ಅವು ಭಗವಾದ ಬೇರೆ ಹೆಸರುಗಳು ಅಂತಲೇ ಪುಸ್ತಕದಲ್ಲೂ ಇದೆ. ಆದರೆ ದಾಳಿಂಬೆ ತನ್ನ ಪರಾಗಕ್ಕೇ ಕಾಯಿ ಕಟ್ಟುತ್ತದೆ. ಆದ್ದರಿಂದ ಈ ಪರೀಕ್ಷೆ ಅಲ್ಲಿ ಏನೂ ಹೇಳುವುದಿಲ್ಲ.

ಹಗರಿ ದಂಡೆ (ಬಳ್ಳಾರಿ), ಜೂನ್ 22

ಹಾಗಾದರೆ ನಮ್ಮ ಅಂಜೂರಕ್ಕೂ ಆಗುವುದಿಲ್ಲ. ನಾವು ಬೆಳೆಯುವ ಅಂಜೂರಕ್ಕೆ ಪರಾಗವೇ ಬೇಡ.

ಕೇಸರ್ ಮಾವು (ಕೊಪ್ಪಳ), ಜೂನ್ 22

ಮಾವಿನ ಬಗ್ಗೆ ನನ್ನದೂ ಒಂದು ಮಾತು. ಮಾವಿನಲ್ಲಿ ಹೆಸರಿನ ಗೊಂದಲ ಇನ್ನೂ ಜಾಸ್ತಿ. ನಾವು ಬಾದಾಮಿ ಅನ್ನುವುದನ್ನು ಇನ್ನೊಂದು ಕಡೆ ಆಪೂಸು ಅನ್ನುತ್ತಾರೆ. ತೋತಾಪುರಿ, ಗಿಣಿಮೂತಿ, ಬೆಂಗಳೂರ, ಕಲೆಕ್ಟರ್ ಎಲ್ಲಾ ಒಂದೇ. ಉತ್ತರದ ದಶೇರಿ, ಲಂಗ್ಡಾ, ಚೌಸಾ ತಮ್ಮದೇ ಪರಾಗಕ್ಕೆ ಕಟ್ಟುವುದಿಲ್ಲ ಅಂತ ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅಲ್ಲಿ ಈ ಪರೀಕ್ಷೆ ಲೆಕ್ಕಕ್ಕೆ ಸರಿ. ಆದರೆ ಮಾಡುವುದು ಕಷ್ಟ. ಮಾವಿನ ಒಂದು ಗೊಂಚಲಲ್ಲಿ ಸಾವಿರಾರು ಸಣ್ಣ ಹೂ. ಅದರಲ್ಲಿ ಹಣ್ಣಾಗಿ ಉಳಿಯುವುದು ಒಂದೋ ಎರಡೋ. ಉದುರಿದ್ದು ಪರಾಗ ಒಪ್ಪದೆಯೋ, ಸುಮ್ನೆ ಉದುರಿತೋ ಹೇಗೆ ಹೇಳುತ್ತೀರಿ? ಡ್ರ್ಯಾಗನ್ ಹೂ ಒಂದೊಂದೂ ಗೇಣುದ್ದ. ಒಂದು ಹೂವಿಗೆ ಒಂದು ಲೆಕ್ಕ. ನೀವು ಅದೃಷ್ಟವಂತರು.

ಕನಕಗಿರಿ ಕಡ್ಡಿ, ಜೂನ್ 23

ನಾನು ಸಣ್ಣ ನರ್ಸರಿ ನಡೆಸುತ್ತೇನೆ. ಹೆಸರು ಹೇಗೆ ಕೆಡುತ್ತದೆ ಅಂತ ಒಳಗಿನಿಂದ ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ.

ಎಲ್ಲರೂ ಮೋಸ ಮಾಡುವವರಲ್ಲ. ಒಬ್ಬ ರೈತನಿಂದ ನೂರು ಕಡ್ಡಿ ತರುತ್ತೇವೆ. ಅವನಿಗೆ ಅದರ ಹೆಸರು ಗೊತ್ತಿರುವುದಿಲ್ಲ, ಯಾವ ದೇಶದಿಂದ ಬಂತು ಅಂತ ಮಾತ್ರ ಹೇಳುತ್ತಾನೆ. ಆ ದೇಶದ ಹೆಸರೇ ತಳಿಯ ಹೆಸರಾಗುತ್ತದೆ. ಅದೇ ಕಡ್ಡಿ ಇನ್ನೊಂದು ಊರಿಗೆ ಹೋದರೆ ಹಣ್ಣಿನ ಗಾತ್ರದ ಮೇಲೆ ಇನ್ನೊಂದು ಹೆಸರು. ಪಾಲಿಥೀನ್ ಚೀಲದ ಮೇಲೆ ಮಾರ್ಕರಿನಲ್ಲಿ ಬರೆದದ್ದು ಒಂದು ಬೇಸಿಗೆಗೆ ಅಳಿಸಿಹೋಗುತ್ತದೆ. ನನ್ನಲ್ಲೂ ಒಮ್ಮೆ ಎರಡು ಬೆಂಚಿನ ಚೀಲ ಕಲಸಿಹೋಗಿ, ನೆನಪಿನ ಮೇಲೆ ಬೇರ್ಪಡಿಸಿ ಕೊಟ್ಟಿದ್ದೇನೆ. ಅದು ತಪ್ಪು. ಆಗಿನಿಂದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಗೀಚಿ ಕಟ್ಟುತ್ತೇನೆ.

ಸರ್ಕಾರವೇ ಹೆಸರು ಬದಲಿಸಿದ್ದೂ ಉಂಟು. 2021ರ ಜನವರಿಯಲ್ಲಿ ಗುಜರಾತ್ ಸರ್ಕಾರ ಈ ಹಣ್ಣಿಗೆ ಕಮಲಂ ಅಂತ ಹೆಸರಿಟ್ಟಿತು. ಅದು ಬೇರೆ ತಳಿ ಅಂದುಕೊಂಡು ನನ್ನ ಹತ್ತಿರ ಕಮಲಂ ಕಡ್ಡಿ ಕೇಳಿಕೊಂಡು ಬಂದವರಿದ್ದಾರೆ.

ನಿಮ್ಮ ಪರೀಕ್ಷೆ ದಯವಿಟ್ಟು ಮಾಡಿ. ಫಲಿತಾಂಶ ನನಗೂ ಬೇಕು.

ತೋಟದ ಅಕ್ಕ (ಮುನಿರಾಬಾದ್), ಜೂನ್ 23

ಮಾಡುವ ಮೊದಲು ಇದನ್ನು ಓದಿ. ಸಾಕ್ಷಿ ಬೇಕು ಅಂದರೆ ಸಾಕ್ಷಿಯ ಹಾಗೇ ಮಾಡಬೇಕು.

ಹೂ ಸಂಜೆ ಬಿರಿಯುವ ಮೊದಲೇ ಮಲ್ ಬಟ್ಟೆಯ ಚೀಲ ಕಟ್ಟಿ, ಹೊರಗಿನ ಪರಾಗ ಬರಬಾರದು. ರಾತ್ರಿ ಎಂಟರ ಮೇಲೆ ಚೀಲ ಬಿಚ್ಚಿ, ಪರಾಗ ಹಚ್ಚಿ, ಮತ್ತೆ ಕಟ್ಟಿ. ಮರುದಿನ ಹೂ ಬಾಡುವ ತನಕ ತೆಗೆಯಬೇಡಿ. ಒಂದೊಂದು ಪರಾಗಕ್ಕೆ ಒಂದೊಂದು ಬ್ರಷ್. ಬ್ರಷ್ ಬದಲಿಸದಿದ್ದರೆ ಎಲ್ಲಾ ವ್ಯರ್ಥ. ಬಣ್ಣದ ನೂಲು ಕಟ್ಟಿ ಗುರುತಿಡಿ, ನೋಟ್‌ಬುಕ್ಕಿನಲ್ಲಿ ಅಲ್ಲೇ ಬರೆಯಿರಿ, ಬೆಳಿಗ್ಗೆ ಬರೆಯುತ್ತೇನೆ ಅನ್ನಬೇಡಿ.

ಮುಖ್ಯವಾದದ್ದು ಇದು. ಅದೇ ರಾತ್ರಿ, ಅದೇ ಗಿಡದ ಕೆಲವು ಹೂವಿಗೆ ಬಿಳಿಯ ಪರಾಗವನ್ನೂ ಹಚ್ಚಿ. ಅದು ಕಟ್ಟಿ, ಇದು ಉದುರಿದರೆ ಬಿಸಿಲು, ಮಳೆ, ನೀರು ಅಂತ ಯಾರೂ ವಾದ ಮಾಡಲು ಬರುವುದಿಲ್ಲ. ಇನ್ನೊಂದು, ಎರಡೂ ದಿಕ್ಕಿನಲ್ಲಿ ಮಾಡಿ. 1ರ ಹೂವಿಗೆ 2ರ ಪರಾಗ, 2ರ ಹೂವಿಗೆ 1ರ ಪರಾಗ. ಮೂರನೆಯ ಕೆಂಪು ಎಲ್ಲಾದರೂ ಸಿಗುತ್ತದೆಯಾ ನೋಡಿ.

ಕನಕಗಿರಿ ಕಡ್ಡಿ, ಜೂನ್ 23

ನನ್ನ ಹತ್ತಿರ ಒಂದು ಕೆಂಪು ಇದೆ, ತಿರುಳು ಬೇರೆ ಥರ, ಮುಳ್ಳೂ ಬೇರೆ. ಹೂ ಬಿರಿದ ರಾತ್ರಿ ಹೇಳಿ, ಪರಾಗ ಡಬ್ಬಿಯಲ್ಲಿ ಹಾಕಿ ಹುಡುಗನ ಕೈಲಿ ಕಳಿಸುತ್ತೇನೆ. ಅದನ್ನು ಕೆಂಪು-3 ಅನ್ನಿ.

ಮಸಾರಿ ಹೊಲ (ಯಲಬುರ್ಗಾ), ಜುಲೈ 6

ಮಾಡಿದೆ. ಮೊನ್ನೆ ಮತ್ತು ನಿನ್ನೆ, ಎರಡು ರಾತ್ರಿ. ಮಳೆ ಇರಲಿಲ್ಲ.

ಎರಡು ವರ್ಷ ಈ ಗಿಡದ ಜೊತೆ ಇದ್ದರೂ ಹೂವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಏಳೂವರೆಗೆ ತುದಿ ಸ್ವಲ್ಪ ಸಡಿಲವಾಗುತ್ತದೆ. ಒಂಬತ್ತರ ಹೊತ್ತಿಗೆ ಒಳಗೆ ಕೈ ಹೋಗುವಷ್ಟು ಬಾಯಿ ಬಿಟ್ಟಿರುತ್ತದೆ. ನಡುವಿನ ಶಲಾಕೆಯ ತುದಿ ಇಪ್ಪತ್ತಕ್ಕೂ ಹೆಚ್ಚು ಬೆರಳು ಚಾಚಿದ ಅಂಗೈ ಥರ. ಮುಟ್ಟಿದರೆ ಬೆಲ್ಲದ ಪಾಕದ ಅಂಟು. ಪರಾಗ ಮಾತ್ರ ಕಡಲೆ ಹಿಟ್ಟಿನ ಹಾಗೆ, ತಟ್ಟೆ ಹಿಡಿದು ಹೂ ತಟ್ಟಿದರೆ ಒಂದು ಹೂವಿಗೆ ಚಮಚದಷ್ಟು ಉದುರುತ್ತದೆ. ಅವ್ವ ತಲೆಗೆ ಬ್ಯಾಟರಿ ಕಟ್ಟಿಕೊಂಡು ಬೆಳಕು ಹಿಡಿದಳು. ಮಗಳು ನೂಲು ಕಟ್ಟಿ ಬರೆದುಕೊಂಡಳು. ಕನಕಗಿರಿಯ ಅಣ್ಣ ಕಳಿಸಿದ ಡಬ್ಬಿ ಹತ್ತು ಗಂಟೆಗೆ ಮುಟ್ಟಿತು, ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಕೆಂಪು-1ರಲ್ಲೂ ಕೆಂಪು-2ರಲ್ಲೂ ಶಲಾಕೆ ಕೇಸರಕ್ಕಿಂತ ಎರಡು ಬೆರಳು ಮೇಲೆ ಇದೆ. ಎರಡರಲ್ಲೂ ಒಂದೇ ಅಳತೆ. ಅದನ್ನು ನೋಡಿಯೇ ಎದೆ ಹೊಡೆದುಕೊಂಡಿತು.

ಮಸಾರಿ ಹೊಲ (ಯಲಬುರ್ಗಾ), ಜುಲೈ 13

ಉದುರುವುದು ಉದುರಿತು, ಕಟ್ಟುವುದು ಕಟ್ಟಿತು. ಮಗಳ ನೋಟ್‌ಬುಕ್ಕಿನಿಂದ ಬರೆಯುತ್ತಿದ್ದೇನೆ.

ಕೆಂಪು-1ಕ್ಕೆ ಅದರದೇ ಪರಾಗ: 8 ಹೂ, ಒಂದೂ ಇಲ್ಲ. ಕೆಂಪು-2ಕ್ಕೆ ಅದರದೇ: 8 ಹೂ, ಒಂದೂ ಇಲ್ಲ.
1ಕ್ಕೆ 2ರದು: 10 ಹೂ, ಒಂದೂ ಇಲ್ಲ. 2ಕ್ಕೆ 1ರದು: 10 ಹೂ, ಒಂದು ಕಾಯಿ.
1ಕ್ಕೆ ಕೆಂಪು-3ರದು: 10 ಹೂ, 9 ಕಾಯಿ. 2ಕ್ಕೆ ಕೆಂಪು-3ರದು: 10 ಹೂ, 8 ಕಾಯಿ.
ಬಿಳಿಯ ಪರಾಗ: 1ರಲ್ಲಿ 6ಕ್ಕೆ 6, 2ರಲ್ಲಿ 6ಕ್ಕೆ 6.

ಆ ಒಂದು ಕಾಯಿ ಕಟ್ಟಿದ ಹೂವಿನ ಚೀಲ ಬೆಳಿಗ್ಗೆ ಗಾಳಿಗೆ ಬಿಚ್ಚಿಕೊಂಡಿತ್ತು. ಅದು ಮನೆ ಕಡೆಯ ಸಾಲು. ಮಗಳು ಆಗಲೇ ಪಕ್ಕದಲ್ಲಿ ಬರೆದಿಟ್ಟಿದ್ದಾಳೆ.

ಒಂದೇ ಗಿಡ. ಎರಡು ಊರಿಗೆ ಹೋಗಿ, ಎರಡು ಸಲ ದುಡ್ಡು ಕೊಟ್ಟು, ಒಂದೇ ಗಿಡ ತಂದಿದ್ದೇನೆ.

ಹಗರಿ ದಂಡೆ (ಬಳ್ಳಾರಿ), ಜುಲೈ 13

ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ ಅಣ್ಣಾ. ಬಿಳಿಯ ಪರಾಗಕ್ಕೆ ಹನ್ನೆರಡಕ್ಕೆ ಹನ್ನೆರಡು ಕಟ್ಟಿದ ಮೇಲೆ ಬಿಸಿಲಿನ ಮಾತೇ ಇಲ್ಲ. ಆ ನರ್ಸರಿಗಳ ಹೆಸರು ಹಾಕಿ, ನಾಲ್ಕು ಜನರಿಗೆ ಗೊತ್ತಾಗಲಿ.

ತೋಟದ ಅಕ್ಕ (ಮುನಿರಾಬಾದ್), ಜುಲೈ 13

ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದಕ್ಕೆ ನಿಮ್ಮ ಮಗಳಿಗೆ ನನ್ನ ಅಭಿನಂದನೆ ಹೇಳಿ. ಚೀಲ ಬಿಚ್ಚಿದ್ದನ್ನು ಬರೆದಿಟ್ಟಳಲ್ಲ, ಅದು ದೊಡ್ಡದು.

ಆದರೆ ಹೆಸರು ಹಾಕಬೇಡಿ. ಇನ್ನೂ ಒಂದು ಹೆಜ್ಜೆ ಬಾಕಿ ಇದೆ. ನಿಮ್ಮ ಲೆಕ್ಕ ಹೇಳುವುದು ಎರಡೂ ಒಂದೇ ಬೆಡಗು ಅಂತ. ಒಂದೇ ಬೆಡಗಿನವರೆಲ್ಲಾ ಒಬ್ಬರೇ ಮನುಷ್ಯ ಅಲ್ಲವಲ್ಲ.

ಇದಕ್ಕೆ ಹಳೆಯ ಪಾಠ ಚೆರ್ರಿಯದು. ಅಮೆರಿಕದ ಒರೆಗಾನ್‌ನಲ್ಲಿ 1913ರಲ್ಲಿ ಗಾರ್ಡ್ನರ್ ಅನ್ನುವವರು ಸಿಹಿ ಚೆರ್ರಿಯಲ್ಲಿ ಇದೇ ಥರ ಪರೀಕ್ಷೆ ಮಾಡಿದರು. ಬಿಂಗ್, ಲ್ಯಾಂಬರ್ಟ್, ನೆಪೋಲಿಯನ್ ಅಂತ ಮೂರು ತಳಿ. ಯಾವುದೂ ತನ್ನ ಪರಾಗಕ್ಕೆ ಕಟ್ಟಲಿಲ್ಲ, ಒಂದಕ್ಕೊಂದು ಹಚ್ಚಿದರೂ ಕಟ್ಟಲಿಲ್ಲ. ಆದರೆ ಅವು ಒಂದೇ ಗಿಡ ಅಲ್ಲವೇ ಅಲ್ಲ. ಬಿಂಗ್ ಹಣ್ಣು ಕಪ್ಪು ಕೆಂಪು, ನೆಪೋಲಿಯನ್ ಹಳದಿ ಮೇಲೆ ಕೆಂಪು ಛಾಯೆ. ನೋಡಿದರೇ ಗೊತ್ತಾಗುತ್ತದೆ. ಚೆರ್ರಿಯಲ್ಲಿ ಪ್ರತಿ ಗಿಡಕ್ಕೂ ಈ ಗುರುತಿನ ವಂಶವಾಹಿ ಎರಡು ಇರುತ್ತವೆ, ಪರಾಗದ ಒಂದೊಂದು ಕಣದಲ್ಲಿ ಒಂದು. ಆ ಮೂರಕ್ಕೂ ಎರಡೂ ಗುರುತು ಒಂದೇ ಆಗಿತ್ತು. ಎರಡರಲ್ಲಿ ಒಂದು ಮಾತ್ರ ಕೂಡಿದ್ದರೆ ಅರ್ಧ ಪರಾಗ ಒಳಗೆ ಇಳಿಯುತ್ತದೆ, ಕಾಯಿ ಆಗುತ್ತದೆ. ಆಮೇಲೆ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ಕ್ರೇನ್ ಮತ್ತು ಅವರ ಜೊತೆಗಾರರು ನೂರಾರು ಸಲ ಪರಾಗ ಹಚ್ಚಿ ಚೆರ್ರಿ ತಳಿಗಳನ್ನು ಗುಂಪು ಗುಂಪಾಗಿ ವಿಂಗಡಿಸಿದರು. ಡಿಎನ್ಎ ನೋಡುವ ಕಾಲ ಅಲ್ಲ ಅದು. ಬ್ರಷ್ಷು, ಚೀಲ, ನೋಟ್‌ಬುಕ್ಕು.

ಇನ್ನೊಂದು ಮಿತಿ. ಸೇಬಿನಲ್ಲಿ ರೆಡ್ ಡೆಲಿಷಸ್ ಮರದ ಒಂದು ಟೊಂಗೆ ತಾನಾಗಿ ಬಣ್ಣ ಬದಲಿಸಿ, ಅದರಿಂದ ಹೊಸ ತಳಿ ಮಾಡಿದ್ದು ಎಷ್ಟೋ ಇವೆ. ಬಣ್ಣ ಬೇರೆ, ಬೆಡಗು ಅದೇ. ಅಂಥದ್ದನ್ನೂ ಈ ಪರೀಕ್ಷೆ ಬೇರ್ಪಡಿಸಲಾರದು.

ಆದ್ದರಿಂದ ಕಾಯಿ ಕಟ್ಟಿದರೆ ‘ಬೇರೆ’ ಅನ್ನುವುದು ಗಟ್ಟಿ. ಕಟ್ಟದಿದ್ದರೆ ‘ಒಂದೇ’ ಅನ್ನುವುದು ಅನುಮಾನ ಮಾತ್ರ. ಗಟ್ಟಿ ಅನುಮಾನ, ಆದರೂ ಅನುಮಾನವೇ.

ಮಸಾರಿ ಹೊಲ (ಯಲಬುರ್ಗಾ), ಜುಲೈ 14

ಅರ್ಥವಾಯಿತು ಅಕ್ಕಾ. ಸಿಟ್ಟಿನಲ್ಲಿ ಬರೆದುಬಿಟ್ಟೆ. ನಿಜ ಹೇಳಬೇಕೆಂದರೆ ನನ್ನ ಹೊಟ್ಟೆಪಾಡಿಗೆ ಎರಡೂ ಒಂದೇ. ಒಂದೇ ಗಿಡ ಆಗಲಿ, ಒಂದೇ ಬೆಡಗಿನ ಎರಡು ಗಿಡ ಆಗಲಿ, ನನ್ನ ಹೊಲದಲ್ಲಿ ಕಾಯಿ ಕಟ್ಟುವುದಿಲ್ಲ. ಆದರೆ ಇನ್ನೊಬ್ಬರ ಮೇಲೆ ಮಾತು ಹೇಳಬೇಕಾದರೆ ಅದು ಬೇರೆ. ಮುಂದೇನು ಮಾಡಲಿ?

ತೋಟದ ಅಕ್ಕ (ಮುನಿರಾಬಾದ್), ಜುಲೈ 14

ಖಚಿತ ಆಗಬೇಕು ಅಂದರೆ ಕೊನೆಗೆ ಡಿಎನ್ಎ ಪರೀಕ್ಷೆಯೇ. ಅದಕ್ಕೆ ಮೊದಲು ಕಣ್ಣಿಂದ ನೋಡುವುದು ಬಹಳ ಇದೆ. ಎರಡರ ಒಂದೊಂದು ಕಡ್ಡಿಯನ್ನು ಒಂದೇ ಕಂಬಕ್ಕೆ ಹಚ್ಚಿ, ಒಂದೇ ನೀರು, ಒಂದೇ ಗೊಬ್ಬರ. ಬೇರೆ ಬೇರೆ ಸಾಲಿನ ಗಿಡ ಹೋಲಿಸಬೇಡಿ, ನೆರಳು ಬಿಸಿಲಿಗೆ ಕಡ್ಡಿಯ ದಪ್ಪ ಬದಲಾಗುತ್ತದೆ. ಕಡ್ಡಿಯ ಏಣಿನ ಅಂಚು ಹೇಗಿದೆ, ಮುಳ್ಳು ಹುಟ್ಟುವ ಒಂದೊಂದು ಕಣ್ಣಿನಲ್ಲಿ ಎಷ್ಟು ಮುಳ್ಳು, ಚಿಗುರಿನ ತುದಿಯ ಬಣ್ಣ, ಮೊಗ್ಗಿನ ಹೊರ ಎಸಳಿನ ಅಂಚಿನ ಬಣ್ಣ, ಹಣ್ಣಿನ ರೆಕ್ಕೆ. ಎಲ್ಲದರಲ್ಲೂ ಒಂದೇ ಆದರೆ, ಮತ್ತು ಬೇರೆ ಬೇರೆ ಗಿಡಗಳ ಪರಾಗಕ್ಕೂ ಎರಡೂ ಒಂದೇ ಥರ ನಡೆದುಕೊಂಡರೆ, ಆಗ ಮಾತಾಡಬಹುದು.

ಕಾಯಿಯ ವಿಷಯಕ್ಕೆ ಕಾಯಬೇಡಿ. ಈ ಹಂಗಾಮಿನಲ್ಲೇ ಬಿಳಿಯ ಪರಾಗ ಕೈಯಿಂದ ಹಚ್ಚಿ. ಅವ್ವನ ಎರಡು ಕಂಬ ಸಾಕಾಗದಿದ್ದರೆ ಪರಾಗ ಒಣಗಿಸಿ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಮುಂದಿನ ಹೂವಿಗೆ ಬರುತ್ತದೆ.

ಲಿಂಗಸುಗೂರು ದಾಳಿಂಬೆ, ಜುಲೈ 14

ಬಿಳಿಯ ಪರಾಗ ಹಚ್ಚಿದರೆ ಕೆಂಪು ಹಣ್ಣಿನ ತಿರುಳು ಬೆಳ್ಳಗಾಗುವುದಿಲ್ಲವಾ? ಮಾರ್ಕೆಟ್ಟಿನಲ್ಲಿ ಕೆಂಪಿಗೇ ರೇಟು.

ತೋಟದ ಅಕ್ಕ (ಮುನಿರಾಬಾದ್), ಜುಲೈ 14

ಆಗುವುದಿಲ್ಲ. ತಿರುಳು ತಾಯಿ ಗಿಡದ್ದು. ಪರಾಗ ಸೇರುವುದು ಒಳಗಿನ ಕಪ್ಪು ಬೀಜಕ್ಕೆ. ಆದರೆ ಗಾತ್ರದಲ್ಲಿ ವ್ಯತ್ಯಾಸ ಕಾಣುತ್ತದೆ. ಬೀಜ ಜಾಸ್ತಿ ಕಟ್ಟಿದಷ್ಟೂ ಹಣ್ಣು ದಪ್ಪ.

ಕನಕಗಿರಿ ಕಡ್ಡಿ, ಜುಲೈ 15

ಗಿಡ ಕಿತ್ತು ಹಾಕುವ ಯೋಚನೆ ಮಾತ್ರ ಮಾಡಬೇಡಿ ಅಣ್ಣಾ. ಡ್ರ್ಯಾಗನ್‌ಗೆ ಕಸಿ ಸುಲಭ. ಐದಾರು ಕಂಬಕ್ಕೆ ಒಂದು ಕಂಬದಲ್ಲಿ ಒಂದು ತೋಳು ಕತ್ತರಿಸಿ ಕೆಂಪು-3 ಕಸಿ ಕಟ್ಟಿ. ಕಡ್ಡಿ ನಾನು ಕೊಡುತ್ತೇನೆ, ದುಡ್ಡು ಬೇಡ. ಬದಲಿಗೆ ನಿಮ್ಮ ನೋಟ್‌ಬುಕ್ಕಿನ ಫೋಟೋ ಕೊಡಿ. ನನ್ನ ನರ್ಸರಿಯಲ್ಲಿ ನಾಲ್ಕು ಹೆಸರಿನ ಕೆಂಪು ಇವೆ. ಮುಂದಿನ ಹೂವಿಗೆ ಒಂದಕ್ಕೊಂದು ಹಚ್ಚಿ ನೋಡುತ್ತೇನೆ. ಅಲ್ಲಿಯವರೆಗೆ ಜೋಡಿ ತಳಿ ಅಂತ ಹೇಳಿ ಯಾರಿಗೂ ಮಾರುವುದಿಲ್ಲ.

ಮಸಾರಿ ಹೊಲ (ಯಲಬುರ್ಗಾ), ಆಗಸ್ಟ್ 9

ಎಲ್ಲರಿಗೂ ತಿಳಿಸೋಣ ಅಂತ ಬಂದೆ. ಜುಲೈ 5ರ ರಾತ್ರಿ ಹಚ್ಚಿದ್ದು ಹಣ್ಣಾಗಿ ನಿನ್ನೆ ಕೊಯ್ದೆವು. ಕೆಂಪು-3ರ ಪರಾಗದ ಒಂದು ಹಣ್ಣು 480 ಗ್ರಾಂ ತೂಗಿತು. ಚೀಲ ಬಿಚ್ಚಿದ್ದ ಆ ಒಂಟಿ ಕಾಯಿಯೂ ಹಣ್ಣಾಯಿತು, 210 ಗ್ರಾಂ. ಕೊಯ್ದು ನೋಡಿದರೆ ಎರಡರದ್ದೂ ಒಳಗೆ ಅಚ್ಚ ಕೆಂಪು.

ಕನಕಗಿರಿಯ ಅಣ್ಣ ಹೇಳಿದ ಹಾಗೆ 70 ಕಂಬಕ್ಕೆ ಕಸಿ ಕಟ್ಟಿದ್ದೇವೆ, 61 ಹಿಡಿದಿವೆ. ಬಾವಿ ಪಕ್ಕದ ಒಂದು ಕಂಬಕ್ಕೆ 1ರ ಕಡ್ಡಿ, 2ರ ಕಡ್ಡಿ ಅಕ್ಕಪಕ್ಕ ಹಚ್ಚಿದ್ದೇವೆ. ಯಾವುದು ಯಾವುದು ಅಂತ ಮಗಳು ಪಟ್ಟಿಯ ಮೇಲೆ ಮೊಳೆಯಿಂದ ಗೀಚಿದ್ದಾಳೆ. ಎರಡರಲ್ಲೂ ಚಿಗುರು ಬಂದಿದೆ. ಇನ್ನೂ ಬೆರಳುದ್ದ ಇಲ್ಲ, ತುದಿ ಎರಡೂ ಕಡೆ ನಸುಗೆಂಪು.